ಮನೆಯ ಕಾಗದ: ಹೊಸೂರು ಸೀಮೆಯ ವಸತಿ ಕಾನೂನುಗಳ ಒಂದು ಚರಿತ್ರೆ

ಹೊಸೂರು ಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಚಂದ್ರಚೂಡೇಶ್ವರನ ಬೆಟ್ಟದಿಂದ ಆರಂಭಿಸುತ್ತಾರೆ. ಅಲ್ಲಿಂದ ಹೊಯ್ಸಳರ ಶಾಸನಗಳಿಗೆ, ಪಾಳೆಯಗಾರರ ಕೋಟೆಗಳಿಗೆ, ಹೈದರ್ ಮತ್ತು ಟಿಪ್ಪುವಿನ ಯುದ್ಧಗಳಿಗೆ ಬಂದು, ಕಾರ್ಖಾನೆಗಳ ಆಗಮನದೊಂದಿಗೆ ಮುಗಿಸುತ್ತಾರೆ. ಆ ದಾರಿಯಲ್ಲಿ ನಮಗಿಂತ ಬಲ್ಲವರು ನಡೆದಿದ್ದಾರೆ. ಆದುದರಿಂದ ಈ ಸ್ಮರಣ ಸಂಚಿಕೆಗಾಗಿ, ಪ್ರತಿಯೊಂದು ಮನೆಯ ಬೀರುವಿನಲ್ಲಿ ಬಟ್ಟೆಯ ಕೆಳಗೆ ಮಡಚಿಟ್ಟಿರುವ ಇನ್ನೊಂದು ಚರಿತ್ರೆಯನ್ನು ಬಿಡಿಸಿ ಓದಲು ನಾವು ಯತ್ನಿಸಿದ್ದೇವೆ. ಅದು ಮನೆಯ ಕಾಗದದ ಚರಿತ್ರೆ. ಮನೆ ಕಟ್ಟುವ ಹೊಣೆ ಮನೆಯವನದು. ಅದು ಸರಿಯಾದ ಜಾಗದಲ್ಲಿ, ಸರಿಯಾದ ಕ್ರಮದಲ್ಲಿ ಇದೆಯೆಂದು ಹೇಳುವ ಹೊಣೆ ಯಾರದು? ಈ ಪ್ರಶ್ನೆಗೆ ಕಾನೂನು ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಹೊಣೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಜಾರುತ್ತ ಬಂದ ಬಗೆಯೇ ನಮ್ಮ ವಿಷಯ.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನು ಒಳಗೊಂಡ ಬಾರಾಮಹಲ್ ಪ್ರದೇಶವು ಟಿಪ್ಪುವಿನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು, ಡೆಂಕಣಿಕೋಟೆಗಳ ಕಡೆ ಕಂಪನಿಯ ವಶವಾದದ್ದು 1799ರಲ್ಲಿ. ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಯ ಮೊದಲ ಪ್ರಯೋಗ ನಡೆಸಿದ್ದು ಈ ಬಾರಾಮಹಲಿನ ಹೊಲಗಳ ಮೇಲೆ ಎಂಬುದು ಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದರೂ ಹೆಚ್ಚಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಕಂದಾಯದವರು ಅಳೆದದ್ದು ಹೊಲವನ್ನು, ಮನೆಯನ್ನಲ್ಲ. ಹೊಲಕ್ಕೆ ಕಂದಾಯವಿತ್ತು, ಆದ್ದರಿಂದ ಪಟ್ಟಾ ಇತ್ತು. ಊರಿನ ಮನೆಗಳೆಲ್ಲ ನಿಂತಿದ್ದ ನೆಲವನ್ನು ಒಂದೇ ಸರ್ವೆ ನಂಬರಿನಲ್ಲಿ ಸೇರಿಸಿ 'ನತ್ತಂ' ಎಂದು ಬರೆದು ಬಿಟ್ಟರು. ಗಡಿಯಾಚೆಯ ಕರ್ನಾಟಕದಲ್ಲಿ ಗ್ರಾಮಠಾಣ ಎನ್ನುವುದೂ ಇದೇ. ಅಜ್ಜ ಕಟ್ಟಿದ ಮನೆಯಲ್ಲಿ ಮೊಮ್ಮಗ ವಾಸವಾಗಿದ್ದಾನೆ ಎಂಬ ಊರವರ ತಿಳಿವಳಿಕೆಯೇ ಅಲ್ಲಿ ಹಕ್ಕುಪತ್ರ. 1905ರ ಮದರಾಸು ಭೂ ಒತ್ತುವರಿ ಕಾಯಿದೆಯೂ ಈ ತಿಳಿವಳಿಕೆಯನ್ನು ಗೌರವಿಸಿ, ಒಡೆತನದ ಮನೆ ನಿವೇಶನಗಳನ್ನೂ ಹಿತ್ತಲುಗಳನ್ನೂ ಸರ್ಕಾರದ ಸ್ವತ್ತಿನ ಲೆಕ್ಕದಿಂದ ಹೊರಗಿಟ್ಟಿತು.

ಬಾಗಲೂರು, ಬೇರಿಕೆ, ಶೂಲಗಿರಿಗಳಂಥ ಪಾಳೆಯಪಟ್ಟುಗಳಲ್ಲಿ ಕಥೆ ಸ್ವಲ್ಪ ಬೇರೆ. ಜಮೀನ್ದಾರಿಗಳನ್ನು ರೈತವಾರಿಗೆ ತಂದ 1948ರ ಎಸ್ಟೇಟುಗಳ ರದ್ದಿಯಾತಿ ಕಾಯಿದೆಯ ನಂತರ ಅಲ್ಲಿಯೂ ದಾರಿ ಒಂದೇ ಆಯಿತು. ನತ್ತಂ ಮನೆಗಳ ಮಾತು ಮಾತ್ರ ಬಹಳ ಕಾಲ ಹಾಗೆಯೇ ಉಳಿಯಿತು. ತಮಿಳುನಾಡು ಸರ್ಕಾರವು ನತ್ತಂ ನೆಲವನ್ನು ಮನೆ ಮನೆಯಾಗಿ ಅಳೆದು ಪಟ್ಟಾ ಕೊಡಲು ಹೊರಟದ್ದು 1980ರ ದಶಕದ ಕೊನೆಯ ವೇಳೆಗೆ. ಅದಕ್ಕೆ ಕೆಲವು ವರ್ಷ ಮೊದಲು, 1980ರ ನವೆಂಬರಿನಲ್ಲಿ, ಕರ್ಣಂ ಮತ್ತು ಮಣಿಯಗಾರರ ಹುದ್ದೆಗಳನ್ನು ರದ್ದುಪಡಿಸಿ ಗ್ರಾಮ ಆಡಳಿತಾಧಿಕಾರಿಗಳನ್ನು ನೇಮಿಸಲಾಗಿತ್ತು. ಯಾರ ಮನೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬಾಯಲ್ಲಿಟ್ಟುಕೊಂಡಿದ್ದ ಶ್ಯಾನುಭೋಗರು ಹೋದ ಮೇಲೆ, ಊರಿಗೆ ಹೊಸಬರಾದ ಅಧಿಕಾರಿಗಳು ಸರಪಳಿ ಹಿಡಿದು ಬಂದರು. ಈ ಅನುಕ್ರಮ ತಿರುವುಮುರುವಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಗೋಡೆ ಜಗಳಗಳು ಹುಟ್ಟುತ್ತಿರಲಿಲ್ಲ ಎಂದು ನಮಗೆ ತೋರುತ್ತದೆ.

ಪಟ್ಟಣಗಳ ವಿಷಯಕ್ಕೆ ಬರೋಣ. ಮದರಾಸು ಪ್ರಾಂತದಲ್ಲಿ 1920ನೆಯ ವರ್ಷ ಬಹು ಮುಖ್ಯವಾದುದು. ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆ, ನಗರ ಯೋಜನಾ ಕಾಯಿದೆ ಎರಡೂ ಆ ವರ್ಷದವೇ. ಅದಕ್ಕೆ ಸ್ವಲ್ಪ ಮುಂಚೆ, 1917ರಿಂದ 1919ರವರೆಗೆ, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು. ಬೀದಿ ಎಷ್ಟು ಅಗಲವಿರಬೇಕು, ಮನೆಗೆ ಗಾಳಿ ಬೆಳಕು ಎಲ್ಲಿಂದ ಬರಬೇಕು ಎಂಬುದನ್ನು ಊರಿನ ಆಡಳಿತವೇ ನೋಡಬೇಕೆಂಬ ವಿಚಾರ ಆ ಕಾಲದಲ್ಲಿ ಬೇರೂರಿತು. ಆದರೆ ಸೇಲಂ ಜಿಲ್ಲೆಯ ತುದಿಯಲ್ಲಿದ್ದ ಹೊಸೂರಿಗೆ ಆ ಕಾಯಿದೆಗಳ ನೆರಳು ತಾಕಲಿಲ್ಲ. ಅದಿನ್ನೂ ಪುರಸಭೆಯೇ ಆಗಿರಲಿಲ್ಲ. 1950ರ ಗ್ರಾಮ ಪಂಚಾಯಿತಿ ಕಾಯಿದೆ, ಬಳಿಕ 1958ರ ಪಂಚಾಯಿತಿ ಕಾಯಿದೆ ಇವುಗಳ ಅಡಿಯಲ್ಲಿ ಪಂಚಾಯಿತಿಯೇ ಮನೆಕಟ್ಟುವವರ ಮಾತಾಪಿತೃ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೊಸೂರು ಮದರಾಸಿನಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಜಿಲ್ಲಾ ಕಛೇರಿ ಎರಡು ಬಾರಿ ಊರು ಬದಲಿಸಿದರೂ ಹೊಸೂರಿನ ಮನೆಗಳು ನಿಂತಲ್ಲಿಯೇ ನಿಂತಿದ್ದವು. ಅವುಗಳ ಕಾಗದಗಳು ಮಾತ್ರ ಕಛೇರಿಯಿಂದ ಕಛೇರಿಗೆ ಅಲೆದವು.

ಎಲ್ಲವನ್ನೂ ಬದಲಿಸಿದ್ದು 1970ರ ದಶಕ. 1971ರಲ್ಲಿ ಸ್ಥಾಪನೆಯಾದ ಸಿಪ್ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶವನ್ನು ತೆರೆಯಿತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂತು; ಅದೇ ವರ್ಷ ಟಿ.ವಿ.ಎಸ್. 50 ಮೊಪೆಡ್ ಇಲ್ಲಿಂದ ಹೊರಬಂತು. ಆ ದಶಕದಲ್ಲಿಯೇ ಟೈಟನ್ ಗಡಿಯಾರಗಳೂ ಬಂದವು. ತಳಿ, ಕೆಲಮಂಗಲ, ಡೆಂಕಣಿಕೋಟೆ, ಆನೇಕಲ್ಲುಗಳಿಂದ ನಮ್ಮ ಕನ್ನಡದ ಹುಡುಗರು ಐ.ಟಿ.ಐ. ಮುಗಿಸಿ ಈ ಕಾರ್ಖಾನೆಗಳಿಗೆ ಸೇರಿದರು. ಟೈಟನ್ ಸಂಸ್ಥೆ ತನ್ನ ನೌಕರರಿಗಾಗಿ ಮತ್ತಿಗಿರಿಯ ಬಳಿ ಚಾರ್ಲ್ಸ್ ಕೊರಿಯಾ ಅವರಂಥ ಹೆಸರಾಂತ ವಾಸ್ತುಶಿಲ್ಪಿಯಿಂದ ಬಡಾವಣೆಯ ನಕ್ಷೆ ಮಾಡಿಸಿತು. ಹೌಸಿಂಗ್ ಬೋರ್ಡಿನವರು ಒಂದಿಷ್ಟು ಮನೆಗಳನ್ನು ಕಟ್ಟಿದರು, ಎ.ಎಸ್.ಟಿ.ಸಿ. ಹಡ್ಕೋ ಎಂಬ ಹೆಸರು ಇಂದಿಗೂ ಒಂದು ಬಡಾವಣೆಗೆ ಉಳಿದಿದೆ. ಬಂದ ಜನಕ್ಕೆ ಇವೆಲ್ಲ ಸೇರಿದರೂ ಸಾಲಲಿಲ್ಲ. ಉಳಿದವರಿಗೆ ಮನೆ ಒದಗಿಸಿದವರು ಊರಿನ ಸುತ್ತ ಹೊಲವಿದ್ದ ರೈತರು ಮತ್ತು ಅವರಿಂದ 'ಪವರ್' ಬರೆಸಿಕೊಂಡ ನಿವೇಶನ ವ್ಯಾಪಾರಿಗಳು.

ಕಾನೂನು ಇರಲಿಲ್ಲವೇ? ಇತ್ತು. 1971ರ ತಮಿಳುನಾಡು ನಗರ ಮತ್ತು ಗ್ರಾಮ ಯೋಜನಾ ಕಾಯಿದೆ ಹಳೆಯ 1920ರ ಕಾಯಿದೆಯ ಸ್ಥಾನಕ್ಕೆ ಬಂದು, ಭೂಮಿಯನ್ನು ನಿವೇಶನಗಳಾಗಿ ವಿಂಗಡಿಸುವವರು ಯೋಜನಾ ಇಲಾಖೆಯ, ಎಂದರೆ ಜನ ಡಿ.ಟಿ.ಸಿ.ಪಿ. ಎನ್ನುವ ನಿರ್ದೇಶನಾಲಯದ, ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆಗೆ ಬಲ ಕೊಟ್ಟಿತು. ಒಪ್ಪಿಗೆ ಪಡೆಯುವವನು ರಸ್ತೆಗಳ ನೆಲವನ್ನು ಸ್ಥಳೀಯ ಸಂಸ್ಥೆಗೆ ದಾನಪತ್ರದ ಮೂಲಕ ಬಿಟ್ಟುಕೊಡಬೇಕು. ದೊಡ್ಡ ಬಡಾವಣೆಯಾದರೆ ನೂರಕ್ಕೆ ಹತ್ತು ಭಾಗ ಬಯಲನ್ನು ಪಾರ್ಕಿಗೆಂದು ಬಿಡಬೇಕು. ಹೀಗೆ ಬಿಟ್ಟರೆ ಮಾರಲು ಉಳಿಯುವುದು ಕಡಿಮೆ. ಹಾಗಾಗಿ ವ್ಯಾಪಾರಿಗಳು ಸುಲಭದ ದಾರಿ ಹಿಡಿದರು. ನೀಲಿ ಕಾಗದದ ಮೇಲೆ ಗೆರೆ ಎಳೆದು, ಪಂಚಾಯಿತಿ ಅಧ್ಯಕ್ಷರ ಮೊಹರು ಹಾಕಿಸಿ, 'ಪಂಚಾಯಿತಿ ಅಪ್ರೂವ್ಡ್' ಎಂದು ಸಾರಿದರು. ಯೋಜನಾ ಇಲಾಖೆಯ ಒಪ್ಪಿಗೆಯಿಲ್ಲದೆ ಅಂಥ ಮೊಹರಿಗೆ ಬೆಲೆಯಿರಲಿಲ್ಲ. ಆದರೆ ಉಪನೋಂದಣಾಧಿಕಾರಿ ಅದನ್ನು ಕೇಳಬೇಕಾಗಿರಲಿಲ್ಲ. ಅವರು ನೋಡುತ್ತಿದ್ದುದು ಮುದ್ರಾಂಕ ಶುಲ್ಕ ಸಂದಿದೆಯೇ, ಸಾಕ್ಷಿಗಳು ಬಂದಿದ್ದಾರೆಯೇ ಎಂಬುದನ್ನು ಮಾತ್ರ. ಕ್ರಯಪತ್ರ ಪದಿವಾಯಿತು, ಪಟ್ಟಾ ಬದಲಾಯಿತು, ಮನೆ ಎದ್ದಿತು, ಪಂಚಾಯಿತಿಯವರು ಮನೆ ತೆರಿಗೆ ರಸೀದಿ ಕೊಟ್ಟರು, ಕರೆಂಟೂ ಬಂತು. ಐದು ಕಛೇರಿಗಳಲ್ಲಿ ನಾಲ್ಕು ಒಪ್ಪಿದ ಮೇಲೆ ಐದನೆಯದು ಒಪ್ಪಿಲ್ಲವೆಂದು ಸಾಮಾನ್ಯ ಮನುಷ್ಯನಿಗೆ ಹೇಗೆ ಹೊಳೆಯಬೇಕು? ನಮ್ಮ ಜನ ಇಂದಿಗೂ ತೆರಿಗೆ ರಸೀದಿಯನ್ನು ತೋರಿಸಿ 'ಇದೇ ನಮ್ಮ ಆಧಾರ' ಎನ್ನುತ್ತಾರೆ. ತೆರಿಗೆ ಕಟ್ಟಿದ ಮಾತ್ರಕ್ಕೆ ಒಡೆತನವೂ ಸಿದ್ಧವಾಗುವುದಿಲ್ಲ, ಬಡಾವಣೆಯೂ ಸಕ್ರಮವಾಗುವುದಿಲ್ಲ ಎಂಬುದು ಕಾನೂನು.

ಈ ರೋಗ ತಮಿಳುನಾಡಿನದು ಮಾತ್ರವೆಂದು ಯಾರೂ ತಿಳಿಯಬಾರದು. ಅತ್ತಿಬೆಲೆಯನ್ನು ದಾಟಿದರೆ ಅದೇ ಬಗೆಯ ನಿವೇಶನಕ್ಕೆ 'ರೆವಿನ್ಯೂ ಸೈಟು' ಎಂದು ಹೆಸರು. ಬೆಂಗಳೂರು ಮಹಾನಗರ ಪಾಲಿಕೆಯ 'ಬಿ ಖಾತೆ' ಅದರ ಮಗು. ಕರ್ನಾಟಕವು 'ಅಕ್ರಮ ಸಕ್ರಮ'ಕ್ಕಾಗಿ 2007ರಲ್ಲಿ ಕಾಯಿದೆಯನ್ನು ತಿದ್ದಿ, 2014ರಲ್ಲಿ ನಿಯಮಗಳನ್ನು ಹೊರಡಿಸಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ವಿಚಿತ್ರವೆಂದರೆ, ಅಲ್ಲಿ ಸಕ್ರಮದ ಬಾಗಿಲು ಮುಚ್ಚಿದ ವರ್ಷವೇ ಇಲ್ಲಿ ಅದು ತೆರೆಯಿತು. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಸಂಘದ ಎಷ್ಟೋ ಕುಟುಂಬಗಳು ಅದರಲ್ಲಿ ಸಿಕ್ಕಿಕೊಂಡಿದ್ದವು.

2016ರ ಸೆಪ್ಟೆಂಬರ್ 9ರಂದು ಮದರಾಸು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ ಒಂದು ಮಧ್ಯಂತರ ಆದೇಶ ನೀಡಿತು. ವಕೀಲ 'ಎಲಿಫೆಂಟ್' ಜಿ. ರಾಜೇಂದ್ರನ್ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. ಕೃಷಿ ಭೂಮಿ ಲಂಗುಲಗಾಮಿಲ್ಲದೆ ನಿವೇಶನಗಳಾಗುತ್ತಿರುವುದನ್ನು ತಡೆಯಲು, ಒಪ್ಪಿಗೆಯಿಲ್ಲದ ಬಡಾವಣೆಗಳ ನಿವೇಶನಗಳನ್ನೂ ಅವುಗಳ ಮೇಲಿನ ಕಟ್ಟಡಗಳನ್ನೂ ನೋಂದಾಯಿಸಕೂಡದೆಂದು ಆದೇಶವಾಯಿತು. ಅಕ್ಟೋಬರ್ 20ರಂದು ಸರ್ಕಾರ ನೋಂದಣಿ ಕಾಯಿದೆಯ 22-ಎ ಕಲಮನ್ನು ಜಾರಿಗೆ ತಂದಿತು. ಈ ಕಲಮು ತಮಿಳುನಾಡಿನ 2009ರ 2ನೆಯ ಕಾಯಿದೆಯಲ್ಲಿಯೇ ಇತ್ತು. ಜಾರಿಯ ದಿನಾಂಕವನ್ನು ಪ್ರಕಟಿಸದೆ ಇದ್ದುದರಿಂದ ಪುಸ್ತಕದಲ್ಲಿ ಮಲಗಿತ್ತು. ಮಲಗಿದ್ದ ಆ ವರ್ಷಗಳಲ್ಲಿ ಎಷ್ಟು ಹೊಲಗಳು ಕಲ್ಲು ನೆಟ್ಟ ನಿವೇಶನಗಳಾದವು ಎಂಬುದನ್ನು ಬಾಗಲೂರು ರಸ್ತೆಯಲ್ಲಿ ಒಮ್ಮೆ ಓಡಾಡಿದವರೆಲ್ಲ ಬಲ್ಲರು. ಆ ದಿನದಿಂದ ನಿವೇಶನದ ಸಕ್ರಮತೆಯನ್ನು ನೋಡುವ ಹೊಣೆ ಉಪನೋಂದಣಾಧಿಕಾರಿಯ ಮೇಜಿಗೆ ಬಂತು.

ಆ ಸೆಪ್ಟೆಂಬರ್ ನಮ್ಮ ಗಡಿಯ ಜನರಿಗೆ ಮರೆಯುವಂಥದಲ್ಲ. 9ರಂದು ಈ ಆದೇಶ. 12ರಂದು ಬೆಂಗಳೂರಿನಲ್ಲಿ ಕಾವೇರಿ ಗಲಭೆ, ಅತ್ತಿಬೆಲೆಯಲ್ಲಿ ಬಸ್ಸುಗಳು ನಿಂತವು. ನವೆಂಬರ್ 8ರಂದು ದೊಡ್ಡ ನೋಟುಗಳ ರದ್ದು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದವರು, ಮಗಳ ಮದುವೆಗೆಂದು ತಮ್ಮ ಮೂವತ್ತು-ನಲವತ್ತರ ನಿವೇಶನವನ್ನು ಮಾರಲು ಮಾತು ಮುಗಿಸಿ ಮುಂಗಡ ಪಡೆದಿದ್ದರು. ಪದಿವಿಗೆ ಹೋದರೆ ಆಗುವುದಿಲ್ಲವೆಂದರು. ನಮ್ಮ ಮನೆಗೆ ಬಂದು ಕುಳಿತು, "ಮೇಷ್ಟ್ರೇ, ಇಪ್ಪತ್ತು ವರ್ಷದ ಹಿಂದೆ ಇದೇ ಆಫೀಸಿನಲ್ಲಿ ಸ್ಟಾಂಪು ಕಟ್ಟಿಸಿಕೊಂಡು ರಿಜಿಸ್ಟರ್ ಮಾಡಿಕೊಟ್ಟರಲ್ಲ, ಆಗ ಸರಿಯಾಗಿದ್ದದ್ದು ಈಗ ಹೇಗೆ ತಪ್ಪಾಯಿತು?" ಎಂದು ಕೇಳಿದರು. ಅವರಿಗೆ ಉತ್ತರ ಹೇಳಲು ಹೊರಟು ನಾವು ಈ ಕಾಯಿದೆಗಳನ್ನು ಓದತೊಡಗಿದೆವು. ಮುಂಗಡ ಹಿಂದಿರುಗಿಸಿ, ಭವಿಷ್ಯ ನಿಧಿಯ ಹಣ ತೆಗೆದು ಅವರು ಮದುವೆ ಮುಗಿಸಿದರು.

2017ರ ಮೇ 4ರಂದು ಅನಧಿಕೃತ ನಿವೇಶನ ಮತ್ತು ಬಡಾವಣೆಗಳ ಸಕ್ರಮ ನಿಯಮಗಳು ಹೊರಬಂದವು. 2016ರ ಅಕ್ಟೋಬರ್ 20ಕ್ಕೆ ಮುಂಚೆ ಆದ ಬಡಾವಣೆಗಳಿಗೆ ಇದು ಅನ್ವಯ. ಕೆರೆ, ಕಾಲುವೆ, ಸರ್ಕಾರಿ ನೆಲ, ಪಾರ್ಕಿಗೆ ಬಿಟ್ಟ ಬಯಲು ಇವುಗಳಲ್ಲಿ ಬಿದ್ದ ನಿವೇಶನಗಳಿಗೆ ಕ್ಷಮೆಯಿಲ್ಲ. ಉಳಿದವಕ್ಕೆ ಸಕ್ರಮ ಶುಲ್ಕ, ಅಭಿವೃದ್ಧಿ ಶುಲ್ಕ ಎಂದು ಚದರ ಮೀಟರಿನ ಲೆಕ್ಕ; ಪಂಚಾಯಿತಿಗೆ ಒಂದು ದರ, ಪುರಸಭೆಗೆ ಒಂದು, ಮಹಾನಗರ ಪಾಲಿಕೆಗೆ ಇನ್ನೊಂದು. ದುಬಾರಿಯಾಯಿತೆಂಬ ಕೂಗೆದ್ದ ಮೇಲೆ ಅದೇ ವರ್ಷದ ಅಕ್ಟೋಬರಿನಲ್ಲಿ ನಿಯಮಗಳನ್ನು ತಿದ್ದಲಾಯಿತು. ಅರ್ಜಿಯ ಅವಧಿಯನ್ನು ಹಲವು ಬಾರಿ ವಿಸ್ತರಿಸಲಾಯಿತು. ಸಕ್ರಮ ಮಾಡಿಸಿಕೊಳ್ಳದ ನಿವೇಶನಕ್ಕೆ ನೋಂದಣಿಯೂ ಇಲ್ಲ, ಕಟ್ಟಡದ ಪರವಾನಗಿಯೂ ಇಲ್ಲ, ಹೊಸದಾಗಿ ನೀರು, ಚರಂಡಿ, ವಿದ್ಯುತ್ತಿನ ಸಂಪರ್ಕವೂ ಇಲ್ಲ.

ಈ ನಿಯಮಗಳಲ್ಲಿ ಒಂದು ಒಳ್ಳೆಯ ಅಂಶವಿತ್ತು. ಬಡಾವಣೆ ಮಾಡಿದವನು ಬಾರದಿದ್ದರೆ ನಿವೇಶನ ಕೊಂಡವನೇ ಬಿಡಿಯಾಗಿ ಅರ್ಜಿ ಹಾಕಬಹುದಾಗಿತ್ತು. ನಮ್ಮ ವಿದ್ಯಾರ್ಥಿಗೆ ದಾರಿ ಸಿಕ್ಕಿದ್ದು ಇದರಿಂದಲೇ. ಅವರಿಗೆ ಮಾರಿದವನು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆದರೆ ಒಳ್ಳೆಯ ಅಂಶದ ಬೆನ್ನಲ್ಲಿಯೇ ಅನ್ಯಾಯವೂ ಇದೆಯೆಂದು ನಮ್ಮ ಅಭಿಪ್ರಾಯ. ರಸ್ತೆಗೂ ಪಾರ್ಕಿಗೂ ನೆಲ ಬಿಡದೆ ಲಾಭ ತೆಗೆದುಕೊಂಡವನು ಕೈತೊಳೆದುಕೊಂಡ. ಎರಡೂವರೆ ಸೆಂಟು ನೆಲಕ್ಕೆ ಜೀವಮಾನದ ಉಳಿತಾಯ ಹಾಕಿದವನು ಅದೇ ನೆಲಕ್ಕೆ ಎರಡನೆಯ ಬಾರಿ ಹಣ ಕಟ್ಟಿದ. ನ್ಯಾಯಾಲಯದ ಆದೇಶ ತಪ್ಪೆಂದು ನಾವು ಹೇಳುತ್ತಿಲ್ಲ. ಅದು ಬಾರದಿದ್ದರೆ ಇನ್ನೂ ಎಷ್ಟು ರಾಗಿಯ ಹೊಲಗಳೂ ಕೆರೆಯಂಗಳಗಳೂ ಹೋಗುತ್ತಿದ್ದವೋ. ದಂಡದ ಬಾಬು ಯಾರಿಂದ ವಸೂಲಾಗಬೇಕಿತ್ತು ಎಂಬುದಷ್ಟೇ ನಮ್ಮ ತಕರಾರು.

ಸ್ಥಳೀಯ ಸಂಸ್ಥೆಗಳ ಪಾಡನ್ನೂ ನೋಡಬೇಕು. ಇಲ್ಲಿ ಕ್ರಯಪತ್ರಕ್ಕೆ ನೂರಕ್ಕೆ ಏಳರಂತೆ ಕಟ್ಟುವ ಮುದ್ರಾಂಕದಲ್ಲಿ ಎರಡು ಭಾಗ ಸ್ಥಳೀಯ ಸಂಸ್ಥೆಗಳಿಗೆ ಸಲ್ಲುವ ವರ್ಗಾವಣೆ ಸುಂಕ. ಪದಿವು ನಿಂತಿತೆಂದರೆ ಪಂಚಾಯಿತಿಯ ಪೆಟ್ಟಿಗೆಯೂ ಒಣಗಿತು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. 2016ರ ಅಕ್ಟೋಬರಿನಲ್ಲಿ ನಡೆಯಬೇಕಾಗಿದ್ದ ಸ್ಥಳೀಯ ಚುನಾವಣೆಗಳು ನ್ಯಾಯಾಲಯದಲ್ಲಿ ರದ್ದಾಗಿ, ಅದೇ ತಿಂಗಳು ಹಳೆಯ ಸದಸ್ಯರ ಅವಧಿಯೂ ಮುಗಿಯಿತು. ನಮ್ಮ ಜಿಲ್ಲೆಯ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2019ರ ಡಿಸೆಂಬರಿನಲ್ಲಿ. ಹೊಸೂರು ಪಟ್ಟಣಕ್ಕೆ 2022ರ ಫೆಬ್ರವರಿಯಲ್ಲಿ. ಅಂದರೆ ಸಕ್ರಮದ ಅರ್ಜಿಗಳನ್ನು ಹಿಡಿದು ಜನ ಅಲೆಯುತ್ತಿದ್ದ ವರ್ಷಗಳಲ್ಲಿ ಅವರ ಪರವಾಗಿ ಕೇಳಲು ಚುನಾಯಿತ ಸದಸ್ಯನೊಬ್ಬನೂ ಇರಲಿಲ್ಲ, ವಿಶೇಷಾಧಿಕಾರಿಗಳ ಆಡಳಿತವಿತ್ತು. ಬಡಾವಣೆಯ ನಕ್ಷೆಗಳಲ್ಲಿ 'ಪಾರ್ಕ್' ಎಂದು ಬರೆದಿದ್ದ ಜಾಗ ಮುಂದೆ ನಿವೇಶನವಾಗಿ ಮಾರಾಟವಾಗಿದ್ದರೆ, ಅದನ್ನು ಕೇಳಬೇಕಾದವರು ಊರಿನ ಪ್ರತಿನಿಧಿಗಳೇ ಅಲ್ಲವೆ?

2001ರಲ್ಲಿ 84 ಸಾವಿರವಿದ್ದ ಹೊಸೂರು ಪುರಸಭೆಯ ಜನಸಂಖ್ಯೆ 2011ರಲ್ಲಿ 1 ಲಕ್ಷ 16 ಸಾವಿರವಾಯಿತು. ಸುತ್ತಲ ಪಂಚಾಯಿತಿಗಳು ಸೇರಿದ ಮೇಲೆ ಅದರ ಎರಡರಷ್ಟಾಯಿತು. 2019ರ ಫೆಬ್ರವರಿಯಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಈಗ 45 ವಾರ್ಡುಗಳು. ನಿನ್ನೆ ಪಂಚಾಯಿತಿಗೆ ಸೇರಿದ್ದ ಜೂಜುವಾಡಿ, ಮೂಕಂಡಪಳ್ಳಿಗಳ ಬೀದಿಗಳಿಗೆ ಇಂದು ಪಾಲಿಕೆಯೇ ಚರಂಡಿ ಹಾಕಬೇಕು. ಚರಂಡಿಗೆ ಬೇಕಾದ ಅಗಲವನ್ನು ಮಾತ್ರ ಯಾರೂ ಬಿಟ್ಟಿರಲಿಲ್ಲ. 2022ರ ಏಪ್ರಿಲಿನಲ್ಲಿ ರಾಜ್ಯದಾದ್ಯಂತ ಆಸ್ತಿ ತೆರಿಗೆ ಪರಿಷ್ಕರಣೆಯಾದಾಗ ನಮ್ಮಂಥ ಪಟ್ಟಣಗಳಲ್ಲಿ 600 ಚದರ ಅಡಿಯೊಳಗಿನ ಮನೆಗೆ ಶೇಕಡಾ 25, 1,800 ಚದರ ಅಡಿ ಮೀರಿದ ಮನೆಗೆ ಶೇಕಡಾ 100 ಏರಿಕೆಯಾಯಿತು. ಗೊಣಗದವರಿಲ್ಲ. ಆದರೆ ದಾನಪತ್ರದಿಂದ ಬರಬೇಕಾಗಿದ್ದ ರಸ್ತೆ ಬಾರದಿದ್ದಾಗ ಪಾಲಿಕೆ ಅದನ್ನು ತೆರಿಗೆಯಿಂದ ತುಂಬಿಕೊಳ್ಳದೆ ಇನ್ನೆಲ್ಲಿಂದ ತುಂಬಿಕೊಳ್ಳಬೇಕು?

ಕಟ್ಟುವವರನ್ನು ಹಿಡಿದು ನಿಲ್ಲಿಸಿದ ಮೊದಲ ಕಾನೂನು ಎಂದರೆ ಕೇಂದ್ರದ 2016ರ ರಿಯಲ್ ಎಸ್ಟೇಟ್ ಕಾಯಿದೆ. ಜನರ ಬಾಯಲ್ಲಿ 'ರೇರಾ'. ಅದು 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ತಮಿಳುನಾಡಿನ ನಿಯಮಗಳು ಜೂನಿನಲ್ಲಿ, ಕರ್ನಾಟಕದವು ಜುಲೈನಲ್ಲಿ ಬಂದವು. 500 ಚದರ ಮೀಟರು ಅಥವಾ ಎಂಟು ಮನೆಗಳನ್ನು ಮೀರಿದ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೂಡ ಕೊಡಕೂಡದು. ಕೊಂಡವರು ಕಟ್ಟಿದ ಹಣದಲ್ಲಿ ನೂರಕ್ಕೆ ಎಪ್ಪತ್ತು ಭಾಗವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಯೋಜನೆಗೇ ಬಳಸಬೇಕು. ಗೋಡೆ ಬಿರುಕು ಬಿಡುವಂಥ ರಚನಾದೋಷ ಐದು ವರ್ಷದೊಳಗೆ ಕಂಡರೆ ಬಿಲ್ಡರೇ ಪುಕ್ಕಟೆ ಸರಿಪಡಿಸಬೇಕು. ನಿವೇಶನಗಳ ಬಡಾವಣೆಗಳೂ ಇದರೊಳಗೆ ಬರುತ್ತವೆ ಎಂಬುದು ನಮ್ಮ ಕಡೆಗೆ ಮುಖ್ಯ. ಅಂದಿನಿಂದ ಹೊಸೂರಿನ ಗೋಡೆ ಬರಹಗಳಲ್ಲಿ 'ಡಿ.ಟಿ.ಸಿ.ಪಿ. ಅಪ್ರೂವ್ಡ್' ಎಂಬುದರ ಪಕ್ಕದಲ್ಲಿ ರೇರಾ ನಂಬರೂ ಕಾಣತೊಡಗಿತು. ಸಣ್ಣ ಬಿಲ್ಡರುಗಳು ಎಂಟು ಮನೆ ಮೀರದಂತೆ ಕಟ್ಟುವ ಲೆಕ್ಕಾಚಾರವನ್ನೂ ಬೇಗ ಕಲಿತರು. ನಮ್ಮ ಊರಿನ ಮೇಸ್ತ್ರಿಗಳೋ, ಈ ಕಾಯಿದೆಯ ಹೆಸರನ್ನೇ ಕೇಳದೆ ಮೊದಲಿನಂತೆಯೇ ಚದರಕ್ಕಿಷ್ಟು ಎಂದು ಮಾತಾಡಿ ಕಟ್ಟುತ್ತಿದ್ದಾರೆ. ಆ ಬಗೆಯ ಮನೆ ಕಾಯಿದೆಯ ಹೊರಗೆ ಉಳಿದಿದೆ.

ಬೆಂಗಳೂರಿನ ಬಂಧುಗಳಿಗಾಗಿ ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇವೆ. ಬೆಂಗಳೂರಿಗೆ ನಲವತ್ತು ಕಿಲೋಮೀಟರು ದೂರವೆಂದು ನೆಚ್ಚಿ ಹೊಸೂರಿನಲ್ಲಿ ನಿವೇಶನ ಕೊಳ್ಳುವವರು ಬಹಳ. ತಕರಾರು ಬಂದರೆ ಅವರು ಹೋಗಬೇಕಾದ ಪ್ರಾಧಿಕಾರ ಬೆಂಗಳೂರಿನದಲ್ಲ, ಮುನ್ನೂರು ಕಿಲೋಮೀಟರು ಆಚೆಯ ಚೆನ್ನೈನದು. ಆ ಪ್ರಾಧಿಕಾರವೇ ಅಂಡಮಾನ್ ನಿಕೋಬಾರ್ ದ್ವೀಪಗಳ ವ್ಯಾಜ್ಯಗಳನ್ನೂ ನೋಡುತ್ತದೆ. ಹೊಸೂರಿನವರೂ ದ್ವೀಪವಾಸಿಗಳೂ ಒಂದೇ ಕಟಕಟೆಯಲ್ಲಿ ನಿಲ್ಲುವ ಯೋಗ!

ಬಾಡಿಗೆಯ ಕಾನೂನನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. 1960ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 2017ರ ಹೊಸ ಕಾಯಿದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಬಾಡಿಗೆ ಕರಾರು ಬರಹದಲ್ಲಿರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ದಾಖಲಾಗಬೇಕು; ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು. ಗಡಿಯಾಚೆಯ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿ ಹೊಸೂರಿಗೂ ಹರಡಿರುವುದರಿಂದ ಈ ಕಲಮನ್ನು ನಮ್ಮಲ್ಲಿ ಮನೆಯೊಡೆಯರೂ ನೆನೆಯುವುದಿಲ್ಲ, ಬಾಡಿಗೆದಾರರೂ ಕೇಳುವುದಿಲ್ಲ.

2019ರ ಫೆಬ್ರವರಿಯಲ್ಲಿಯೇ ರಾಜ್ಯಕ್ಕೆಲ್ಲ ಒಂದೇ ಬಗೆಯ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು ಬಂದವು. ನಿವೇಶನದ ವಿಸ್ತೀರ್ಣದ ಒಂದೂವರೆ ಪಟ್ಟು ಕಟ್ಟಬಹುದಾಗಿದ್ದದ್ದು ಎರಡು ಪಟ್ಟಿಗೆ ಏರಿತು. ತಂದೆಯ ಮನೆಯ ಮೇಲೆ ಮಗ ಇನ್ನೊಂದು ಮನೆ ಎತ್ತಿಕೊಳ್ಳುವ ನಮ್ಮ ಕುಟುಂಬಗಳಿಗೆ ಇದು ಉಪಕಾರವೇ ಆಯಿತು. 2024ರ ಜುಲೈ 22ರಂದು ಇನ್ನೂ ದೊಡ್ಡ ಬದಲಾವಣೆ. 2,500 ಚದರ ಅಡಿಯವರೆಗಿನ ನಿವೇಶನದಲ್ಲಿ 3,500 ಚದರ ಅಡಿಯವರೆಗೆ ಮನೆ ಕಟ್ಟುವವರು, ನಿಯಮಗಳನ್ನು ಪಾಲಿಸಿದ್ದೇನೆಂದು ತಾವೇ ಪ್ರಮಾಣೀಕರಿಸಿ, ಗಣಕಯಂತ್ರದ ಮೂಲಕ ಶುಲ್ಕ ಕಟ್ಟಿ, ಆ ಕ್ಷಣವೇ ಪರವಾನಗಿ ಪಡೆಯಬಹುದು. ಮುಂಚಿತವಾಗಿ ಯಾರೂ ಬಂದು ಜಾಗ ನೋಡುವುದಿಲ್ಲ. ಕಛೇರಿಯ ಮೆಟ್ಟಿಲು ಸವೆಸುವುದು ತಪ್ಪಿತು, ನಡುವಿನವರ ಕೈ ಬೆಚ್ಚಗಾಗುವುದೂ ತಪ್ಪಿತು ಎಂದು ಜನ ಸಂತೋಷಪಟ್ಟರು; ನಾವೂ ಪಟ್ಟೆವು. ಆದರೆ ಚರಿತ್ರೆಯ ಕಣ್ಣಿನಿಂದ ನೋಡಿದರೆ, ಪಂಚಾಯಿತಿಯಿಂದ ಯೋಜನಾ ಇಲಾಖೆಗೆ, ಇಲಾಖೆಯಿಂದ ಉಪನೋಂದಣಾಧಿಕಾರಿಗೆ ಸರಿದ ಹೊಣೆ ಈಗ ಮನೆಯವನ ಹೆಗಲಿಗೇ ಬಂದು ಕುಳಿತಿದೆ. ಪ್ರಮಾಣಪತ್ರದಲ್ಲಿ ಬರೆದದ್ದು ಸುಳ್ಳೆಂದು ಮುಂದೊಂದು ದಿನ ಕಂಡರೆ, 'ನನಗೆ ಅವರು ಹೇಳಿದರು' ಎನ್ನಲು ಅಲ್ಲಿ ಯಾವ 'ಅವರೂ' ಇಲ್ಲ.

ಹಾಗೆ ಪ್ರಮಾಣ ಮಾಡುವವನಿಗೆ ತಾನು ಏನನ್ನು ಪ್ರಮಾಣಿಸುತ್ತಿದ್ದೇನೆ ಎಂಬುದು ತಿಳಿದಿರಬೇಕು. ಕನ್ನಡಿಗರ ತೊಂದರೆ ಇಲ್ಲಿದೆ. ಅರ್ಜಿ, ಪಟ್ಟಾ, ಚಿಟ್ಟಾ, ವಿಲ್ಲಂಗ ಪತ್ರ ಎಲ್ಲವೂ ತಮಿಳು ಅಥವಾ ಇಂಗ್ಲಿಷಿನಲ್ಲಿ. ಮಕ್ಕಳು ತಮಿಳು ಕಲಿತಿದ್ದಾರೆ, ಓದುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ವಯಸ್ಸಿನವರು ದಸ್ತಾವೇಜು ಬರಹಗಾರ ಹೇಳಿದ ಕಡೆ ರುಜು ಹಾಕುತ್ತಾರೆ. 1908ರ ನೋಂದಣಿ ಕಾಯಿದೆಯ 19ನೆಯ ಕಲಮು ಈ ವಿಷಯದಲ್ಲಿ ಉದಾರವಾದುದು. ನೋಂದಣಾಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಯೂ ಇಲ್ಲದ ಭಾಷೆಯ ಪತ್ರಕ್ಕೆ ಮಾತ್ರ ಅನುವಾದ ಬೇಕೆಂದು ಅದು ಹೇಳುತ್ತದೆ. ಜಿಲ್ಲೆಯ ಭಾಷೆ ಒಂದೇ ಎಂದು ಅದು ಎಲ್ಲಿಯೂ ಹೇಳಿಲ್ಲ. ನಮ್ಮ ಸೀಮೆಯ ಹಿರಿಯರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕ್ರಯಪತ್ರ ಬರೆಸಿದ್ದಾರೆ. ಅಂಥವನ್ನು ನಾವು ಕೈಯಾರೆ ಹಿಡಿದು ನೋಡಿದ್ದೇವೆ.

ಅವು ಹಳೆಯ ಕಾಗದವೆಂದು ಯಾರೂ ಒಲೆಗೆ ಹಾಕಬಾರದು. ನೋಂದಣಿ ಇಲಾಖೆಯ ಗಣಕದಲ್ಲಿ ಋಣಭಾರದ ವಿವರ ಸಾಮಾನ್ಯವಾಗಿ 1975ರಿಂದ ಈಚೆಗೆ ಸಿಗುತ್ತದೆ. ಅದಕ್ಕೆ ಹಿಂದಿನದನ್ನು ಕಛೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು, ಇಲ್ಲವೇ ಮನೆಯ ಪೆಟ್ಟಿಗೆಯಲ್ಲಿ. ನತ್ತಂ ಪಟ್ಟಾದ ಅಳತೆ ತಪ್ಪಾಗಿದೆಯೆಂದು ತಹಶೀಲ್ದಾರರ ಮುಂದೆ ಹೇಳಬೇಕಾದಾಗಲೂ ಕೈಗೆ ಬರುವುದು ಆ ಪತ್ರದ ಚಕ್ಕುಬಂದಿಯೇ. ಹೊಸೂರಿನ ದಸ್ತಾವೇಜು ಬರಹಗಾರರಲ್ಲಿ ಹಳೆಯ ಮೋಡಿಯ ಕನ್ನಡ ಕೈಬರಹವನ್ನು ಓದಬಲ್ಲವರು ಈಗ ಕಡಿಮೆಯಾಗಿರುವುದರಿಂದ ಕೆಲವು ಕುಟುಂಬದವರು ಅಂಥ ಪತ್ರಗಳನ್ನು ನಮ್ಮಲ್ಲಿಗೆ ತರುತ್ತಾರೆ. ಕಳೆದ ವರ್ಷ ಮೂರು ಬಂದವು. ಎರಡರ ಚಕ್ಕುಬಂದಿ ಈಗಿನ ಪಟ್ಟಾದೊಡನೆ ಸರಿಯಾಗಿ ಹೊಂದಿತು. ಮೂರನೆಯದರಲ್ಲಿ ಉತ್ತರಕ್ಕೆ ಒಂದು ಸೇದೋ ಬಾವಿ ಎಂದು ಬರೆದಿದೆ. ಆ ಬಾವಿ ಎಲ್ಲಿತ್ತೆಂಬುದನ್ನು ಊರಿನ ಹಿರಿಯರಲ್ಲಿ ಇನ್ನೂ ವಿಚಾರಿಸುತ್ತಿದ್ದೇವೆ.